ಬಿಸಿಲ ಸೀಮೆಯ ದಿನಚರಿ: ನೀರು, ನಡಿಗೆ, ಊಟ, ನಿದ್ದೆ

ಮೊದಲು ನೀರಿನಿಂದ ಶುರು ಮಾಡಿ. ಎಲ್ಲ ಅಭ್ಯಾಸಗಳನ್ನೂ ಒಟ್ಟಿಗೇ ಹಿಡಿದರೆ ವಾರದೊಳಗೆ ಎಲ್ಲವೂ ಬಿಟ್ಟುಹೋಗುತ್ತವೆ. ಒಂದನ್ನು ಎರಡು ವಾರ ನಡೆಸಿ, ಅದು ಕೈಗೆ ಹತ್ತಿದ ಮೇಲೆ ಮುಂದಿನದನ್ನು ಹಿಡಿಯಿರಿ.

ರಾಯಚೂರು, ಬಳ್ಳಾರಿ, ಕೊಪ್ಪಳದ ಕಡೆ ಏಪ್ರಿಲ್, ಮೇ ಬಂತೆಂದರೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಇಲ್ಲಿಯದು ಒಣ ಝಳ. ಬೆವರು ಹನಿಯಾಗುವ ಮೊದಲೇ ಆರಿಹೋಗುವುದರಿಂದ ಮೈಯಿಂದ ಎಷ್ಟು ನೀರು ಹೋಯಿತೆಂಬುದು ತಿಳಿಯುವುದಿಲ್ಲ. ಕಪ್ಪು ಅಂಗಿಯ ಬೆನ್ನ ಮೇಲೆ ಬಿಳಿ ಗೆರೆ ಕಂಡರೆ ಅದು ಆರಿದ ಬೆವರಿನ ಉಪ್ಪು.

ಎದ್ದ ಕೂಡಲೇ ಸುಮಾರು ಅರ್ಧ ಲೀಟರ್ ಹಿಡಿಯುವ ಒಂದು ತಂಬಿಗೆ ನೀರು ಕುಡಿಯಿರಿ. ಆಮೇಲೆ ನೆರಳಿನಲ್ಲಿದ್ದರೆ ಗಂಟೆಗೊಂದು ಲೋಟ, ಹೊಲದಲ್ಲಿ ಅಥವಾ ಕಟ್ಟಡದ ಕೆಲಸದಲ್ಲಿದ್ದರೆ 20 ನಿಮಿಷಕ್ಕೊಂದು ಲೋಟ. ಒಂದು ಗಂಟೆಯಲ್ಲಿ ಒಂದೂವರೆ ಲೀಟರ್ ಮೀರಬೇಡಿ; ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಉಪ್ಪಿನಂಶ ಇಳಿದು ತಲೆಸುತ್ತು ಬರುತ್ತದೆ. ಮಧ್ಯೆ ಮಧ್ಯೆ ಮಜ್ಜಿಗೆ ಇರಲಿ: ಒಂದು ಲೋಟ ಮೊಸರಿಗೆ ಮೂರು ಲೋಟ ನೀರು, ಚಿಟಿಕೆ ಉಪ್ಪು, ಜೀರಿಗೆ, ಕರಿಬೇವು. ಬಿಪಿ ಇದ್ದವರು ಉಪ್ಪು ಬಿಡಿ. ಕಿಡ್ನಿ ಅಥವಾ ಹೃದಯದ ತೊಂದರೆಗೆ ವೈದ್ಯರು ನೀರಿನ ಅಳತೆ ಹೇಳಿದ್ದರೆ ಅದನ್ನೇ ಪಾಲಿಸಿ. ಮೂತ್ರ ತಿಳಿ ಹಳದಿ ಇದ್ದರೆ ಸರಿ, ಗಾಢ ಹಳದಿಯಾದರೆ ನೀರು ಸಾಲದು.

ಎಷ್ಟು ನೀರು ಎಂಬುದರಷ್ಟೇ ಯಾವ ನೀರು ಎಂಬುದೂ ನಮ್ಮ ಭಾಗದಲ್ಲಿ ದೊಡ್ಡ ಮಾತು. ಈ ಮೂರೂ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಸಿಗದಿದ್ದಾಗ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಹೆಚ್ಚಾದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತವೆ. ವರ್ಷಗಟ್ಟಲೆ ಕುಡಿದ ದೊಡ್ಡವರಿಗೆ ಕೀಲು, ಬೆನ್ನು ಬಿಗಿಯುತ್ತವೆ. ಬಹಳ ಮಂದಿ ತಪ್ಪುವುದು ಇಲ್ಲೇ: ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುತ್ತದೆ, ಫ್ಲೋರೈಡ್ ಉಳಿಯುತ್ತದೆ, ಹಾಗಾಗಿ ಅದರ ಅಂಶ ಇನ್ನಷ್ಟು ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ನೀರು ಪರೀಕ್ಷೆಗೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಅಂಶ ಹೆಚ್ಚಿದ್ದರೆ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೋ ನದಿ ಮೂಲದ ನಲ್ಲಿ ನೀರನ್ನೋ ತನ್ನಿ. ಕ್ಯಾನ್ ನೀರನ್ನು ಕುಡಿಯಲಿಕ್ಕೆ ಮಾತ್ರ ಇಟ್ಟುಕೊಂಡು ಬೇಳೆ, ಅನ್ನವನ್ನು ಬೋರ್ ನೀರಿನಲ್ಲೇ ಬೇಯಿಸಿದರೆ ಫ್ಲೋರೈಡ್ ತಟ್ಟೆಗೆ ಬಂದೇ ಬರುತ್ತದೆ. ಅಡುಗೆಗೂ ಒಳ್ಳೆಯ ನೀರೇ ಬೇಕು. ಸ್ನಾನಕ್ಕೆ, ಬಟ್ಟೆಗೆ ಬೋರ್ ನೀರು ಸಾಕು.

ನಡಿಗೆಗೆ ಬೇಸಿಗೆಯಲ್ಲಿ ಬೆಳಗಿನ ಐದೂವರೆಯಿಂದ ಏಳರ ಹೊತ್ತು ಬಿಟ್ಟರೆ ಬೇರೆ ಹೊತ್ತಿಲ್ಲ. ಸಂಜೆ ಆರಕ್ಕೂ ಡಾಂಬರು ರಸ್ತೆ ಝಳ ಹೊಡೆಯುತ್ತಿರುತ್ತದೆ. ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ. ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ವಾರಕ್ಕೆರಡು ದಿನ ಕೈ ಊರದೆ ಕುರ್ಚಿಯಿಂದ 10 ಸಲ ಎದ್ದು ಕೂರಿ, ಸ್ವಲ್ಪ ವಿರಾಮ ಕೊಟ್ಟು ಇನ್ನೊಮ್ಮೆ. ತೊಡೆಗೆ ಬಲ ಬಂದರೆ ಮೊಣಕಾಲಿನ ಭಾರ ಇಳಿಯುತ್ತದೆ. ಅಂಜನಾದ್ರಿಯ 575 ಮೆಟ್ಟಿಲು ಹತ್ತುವ ಆಸೆಯಿದ್ದರೆ ಬಿಸಿಲೇರುವ ಮುಂಚೆ ಇಳಿದುಬಿಡಿ. ಮೊಣಕಾಲು ನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ಕಷ್ಟ.

ಊಟದಲ್ಲಿ ನಮ್ಮದು ಒಳ್ಳೆಯ ಪದ್ಧತಿಯೇ: ಜೋಳದ ರೊಟ್ಟಿ, ಪುಂಡಿ ಪಲ್ಲೆ, ಕಾಳು, ಹಸಿ ಉಳ್ಳಾಗಡ್ಡಿ. ಆದರೆ ಜೋಳ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂಬ ನಂಬಿಕೆ ತಪ್ಪು. ಅದರಲ್ಲೂ ಪಿಷ್ಟ ಇದೆ. ಖಡಕ್ ರೊಟ್ಟಿ ಹಗುರ ಎನಿಸಿ ಲೆಕ್ಕವಿಲ್ಲದೆ ಒಳಗೆ ಹೋಗುತ್ತದೆ, ಅದಕ್ಕೇ ಎಣಿಸಿ ತಟ್ಟೆಗೆ ಹಾಕಿಕೊಳ್ಳಿ, ಪಲ್ಲೆಯನ್ನು ರೊಟ್ಟಿಗಿಂತ ಹೆಚ್ಚು ಬಡಿಸಿಕೊಳ್ಳಿ. ಉಪ್ಪು ಇಡೀ ದಿನಕ್ಕೆ ಒಬ್ಬರಿಗೆ ಒಂದು ಸಮ ಟೀ ಚಮಚ, ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳದ್ದೂ ಸೇರಿ. ಸಂಜೆಯ ಮಂಡಕ್ಕಿ ಬಿಡಬೇಕಿಲ್ಲ. ಉಳ್ಳಾಗಡ್ಡಿ, ಶೇಂಗಾ, ಲಿಂಬೆರಸ ಹಾಕಿ ತಿನ್ನಿ. ಜೊತೆಗಿನ ಮಿರ್ಚಿಯನ್ನು ವಾರಕ್ಕೊಮ್ಮೆಗೆ ಇಳಿಸಿ. ಊಟದ ಬೆನ್ನಿಗೇ ಚಹಾ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ, ಒಂದು ಗಂಟೆ ಬಿಡಿ.

ಬೇಸಿಗೆಯಲ್ಲಿ ನಿದ್ದೆ ಕೆಡಿಸುವುದು ಮಾಳಿಗೆ. ಹಗಲೆಲ್ಲ ಕಾದ ಆರ್‌ಸಿಸಿ (ಕಾಂಕ್ರೀಟ್) ಛಾವಣಿ ರಾತ್ರಿ ಕೋಣೆಯೊಳಗೆ ಬಿಸಿ ಬಿಡುತ್ತದೆ. ಮಾರ್ಚ್ ಹೊತ್ತಿಗೆ ಮಾಳಿಗೆಗೆ ಎರಡು ಕೈ ಬಿಳಿ ಸುಣ್ಣ ಬಳಿದರೆ ಬಿಸಿಲು ಹಿಂದಕ್ಕೆ ಮರಳುತ್ತದೆ. ಮಳೆಗೆ ತೊಳೆದುಹೋಗುವುದರಿಂದ ಪ್ರತಿ ವರ್ಷವೂ ಬಳಿಯಬೇಕು.

ಏರ್ ಕೂಲರ್ ನಮ್ಮ ಒಣ ಹವೆಗೆ ಹೇಳಿ ಮಾಡಿಸಿದ್ದು, ಆದರೆ ಬಾಗಿಲು, ಕಿಟಕಿ ಎಲ್ಲ ಮುಚ್ಚಿ ಹಚ್ಚಿದರೆ ಅರ್ಧ ಗಂಟೆಗೇ ಕೋಣೆ ಜಿಗುಟಾಗುತ್ತದೆ. ನೀರು ಆವಿಯಾಗುವುದರಿಂದಲೇ ಅದು ತಂಪು ಕೊಡುವುದು. ಗಾಳಿಯಲ್ಲಿ ತೇವ ತುಂಬಿದರೆ ಆವಿಯಾಗುವುದು ನಿಂತುಹೋಗುತ್ತದೆ. ಕೂಲರನ್ನು ಕಿಟಕಿಗೆ ಕೂರಿಸಿ, ಎದುರುಗಡೆಯ ಕಿಟಕಿ ತೆರೆದಿಡಿ. ವಾರಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಿ, ಗೋಡೆಗಳನ್ನು ಬ್ರಷ್‌ನಿಂದ ಉಜ್ಜಿ, ಒಣಗಿಸಿ ತುಂಬಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಿನ ಅಂಚಿನಲ್ಲೇ. ಬರೀ ನೀರು ಚೆಲ್ಲಿದರೆ ಮೊಟ್ಟೆ ಗೋಡೆಗೆ ಅಂಟಿಕೊಂಡು ಉಳಿಯುತ್ತವೆ, ಅದಕ್ಕೇ ಉಜ್ಜುವುದು.

ಮಧ್ಯಾಹ್ನದ ನಿದ್ದೆ 20–30 ನಿಮಿಷ ಸಾಕು, ಮೂರು ಗಂಟೆಯೊಳಗೆ ಏಳಿ. ನಾಲ್ಕರ ನಂತರ ಚಹಾ ಬೇಡ. ಫೋನನ್ನು ಸೊಳ್ಳೆಪರದೆಯ ಹೊರಗೆ, ಕೈಗೆ ಎಟುಕದ ಕಡೆ ಇಡಿ.

ಇಷ್ಟಾದರೂ ಯಾರಿಗಾದರೂ ಬಿಸಿಲು ಬಡಿಯಬಹುದು. ಮೈ ಕೆಂಡದಂತಾಗಿ, ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ಮೊದಲು 108ಕ್ಕೆ ಕರೆ ಮಾಡಿ. ನೆರಳಿಗೆ ಸಾಗಿಸಿ, ಬಟ್ಟೆ ಸಡಿಲಿಸಿ, ಮೈತುಂಬ ನೀರು ಹಾಕುತ್ತ ಗಾಳಿ ಬೀಸಿ. ಕಂಕುಳು, ಕುತ್ತಿಗೆ, ತೊಡೆಸಂದಿಗೆ ಒದ್ದೆ ಬಟ್ಟೆ ಇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಉಸಿರ್ನಾಳಕ್ಕೆ ಇಳಿಯುತ್ತದೆ. ಜ್ವರದ ಮಾತ್ರೆ ಇದಕ್ಕೆ ನಾಟುವುದಿಲ್ಲ. ಆಂಬ್ಯುಲೆನ್ಸ್ ಬರುವವರೆಗೆ ನೀರು ಹಾಕುವುದನ್ನು ನಿಲ್ಲಿಸಬೇಡಿ.