ಮುಳ್ಳುಹಂದಿಯ ಜಾಡು, ನಾಯಿಗಳ ರಾತ್ರಿ

ಮೂಡಿಗೆರೆ ತಾಲ್ಲೂಕಿನ ನಮ್ಮ ಕಾಫಿ ತೋಟದ ಕೆಳಬದಿಯಲ್ಲಿ, ಹಳ್ಳದ ದಂಡೆಯ ಬಿದಿರುಮೆಳೆಯಡಿ, ನಾನು ಮದುವೆಯಾಗಿ ಬರುವುದಕ್ಕೆ ಮೊದಲಿನಿಂದಲೂ ಮುಳ್ಳುಹಂದಿಗಳ ಬಿಲವಿದೆ. ಸುವರ್ಣಗೆಡ್ಡೆ, ಮರಗೆಣಸುಗಳಲ್ಲಿ ಅವುಗಳ ಪಾಲು ಹೋಗುವುದು ಮನೆಯವರಿಗೆಲ್ಲ ರೂಢಿಯಾಗಿತ್ತು. ನಾಯಿಗಳನ್ನು ಸಾಕಿದ ಮೇಲೆಯೇ ನಾನು ಅವುಗಳ ವಿಚಾರಕ್ಕೆ ಗಮನ ಕೊಡಬೇಕಾಯಿತು.

ಒಂದು ಮಳೆಗಾಲದ ಬೆಳಗಿನ ಜಾವ ನಮ್ಮ ನಾಯಿ ಕರಿಯ ಅಂಗಳದ ಮೂಲೆಯಲ್ಲಿ ಮುಂಗಾಲಿನಿಂದ ಮುಖ ಉಜ್ಜಿಕೊಳ್ಳುತ್ತ ಕುಳಿತಿದ್ದ. ಮೂತಿ, ಎದೆ, ನಾಲಿಗೆಯ ಅಡಿ ಎಲ್ಲ ಸೇರಿ ಹನ್ನೊಂದು ಮುಳ್ಳುಗಳು. “ಅದು ದೂರದಿಂದಲೇ ಮುಳ್ಳು ಎಸೀತದೆ ಅಮ್ಮಾರೆ” ಎಂದರು ತೋಟದ ಕೆಲಸದವರೊಬ್ಬರು. ವಾಸ್ತವದಲ್ಲಿ ಅದು ಎಸೆಯುವುದಿಲ್ಲ. ಮೊದಲು ಬಾಲದ ಟೊಳ್ಳು ಮುಳ್ಳುಗಳನ್ನು ಗಲಗಲ ಅಲುಗಿಸಿ ಎಚ್ಚರಿಸುತ್ತದೆ. ನಾಯಿ ಆಗಲೂ ಹಿಂದೆ ಸರಿಯದಿದ್ದರೆ ಬೆನ್ನು ತಿರುಗಿಸಿ ಹಿಮ್ಮುಖವಾಗಿ ನುಗ್ಗುತ್ತದೆ. ಕಂಡೊಡನೆ ಭಯ ಹುಟ್ಟಿಸುವ ಉದ್ದನೆಯ ಮುಳ್ಳುಗಳು ಬಳುಕುತ್ತವೆ. ಅವುಗಳ ಮರೆಯಲ್ಲಿರುವ ಗಿಡ್ಡ, ದಪ್ಪ ಮುಳ್ಳುಗಳೇ ಮಾಂಸಕ್ಕಿಳಿಯುವವು.

ಅವಸರದಲ್ಲಿ ನಾನೇ ಒಂದನ್ನು ಕೈಯಿಂದ ಎಳೆದೆ. ಕರಿಯ ತಲೆ ಕೊಡವಿದ, ಮುಳ್ಳು ನಡುವೆಯೇ ಮುರಿಯಿತು. ಉಳಿದವನ್ನು ಪಶುವೈದ್ಯರು ಮಂಪರು ಬರುವ ಚುಚ್ಚುಮದ್ದು ಕೊಟ್ಟು, ಚರ್ಮದ ತೀರ ಹತ್ತಿರ ಇಕ್ಕಳದಿಂದ ಹಿಡಿದು, ಹೊಕ್ಕ ಗೆರೆಯಲ್ಲೇ ನೇರವಾಗಿ ಹೊರಕ್ಕೆ ಎಳೆದು ತೆಗೆದರು. ಕಾಲ್ಬೆರಳ ಸಂದುಗಳನ್ನೂ ಒಂದೊಂದಾಗಿ ಬಿಡಿಸಿ ನೋಡಿದರು. ನಾನು ಮುರಿದಿದ್ದ ತುಂಡು ಆರು ವಾರಗಳ ನಂತರ ದವಡೆಯ ಕೆಳಗೆ ಕೀವುಗಟ್ಟಿ ಹೊರಬಂತು. ಮುಳ್ಳನ್ನು ಕತ್ತರಿಸಿದರೆ ಸುಲಭವಾಗಿ ಬರುತ್ತದೆ ಎಂಬ ಸಲಹೆ ಈಗಲೂ ಕಿವಿಗೆ ಬೀಳುತ್ತದೆ. ಕತ್ತರಿಸಿದರೆ ಹಿಡಿಯಲು ಬುಡವೇ ಸಿಗದು.

ಆಮೇಲೆ ಅಂಗಳದ ಸುತ್ತ ಜಾಡು ಹುಡುಕುತ್ತ ಹೋದಾಗ ತಪ್ಪು ನಮ್ಮದೇ ಎಂದು ತಿಳಿಯಿತು. ನಾಯಿಗಳು ತಿಂದು ಬಿಟ್ಟ ಮೂಳೆಗಳು ಕೊಟ್ಟಿಗೆಯ ಹಿಂದೆ ಬಿದ್ದಿರುತ್ತಿದ್ದವು. ಮುಳ್ಳುಹಂದಿ ಇಲಿ, ಅಳಿಲುಗಳಂತೆ ದಂಶಕ ಜಾತಿಯ ಪ್ರಾಣಿ, ಹೆಸರಷ್ಟೇ ಹಂದಿಯದು. ಸುಣ್ಣದಂಶಕ್ಕಾಗಿ ಅದು ಮೂಳೆ, ಉದುರಿದ ಜಿಂಕೆ ಕೊಂಬುಗಳನ್ನು ಕಡಿಯುತ್ತದೆ, ಬಿಲಕ್ಕೂ ಒಯ್ಯುತ್ತದೆ. ನಾಯಿಗಳ ಎಂಜಲೇ ಅದನ್ನು ನಾಯಿಗಳ ಬಳಿಗೆ ಕರೆತರುತ್ತಿತ್ತು. ಈಗ ಮೂಳೆಗಳನ್ನು ಅಂದೇ ಆಳವಾಗಿ ಹೂಳುತ್ತೇವೆ, ಮನೆಯ ಪಕ್ಕದ ಹಲಸಿನ ಮರದಿಂದ ಬಿದ್ದ ಹಣ್ಣುಗಳನ್ನು ಸಂಜೆಯೊಳಗೆ ಎತ್ತುತ್ತೇವೆ, ಕತ್ತಲಾಗುತ್ತಲೇ ನಾಯಿಗಳನ್ನು ಜಗಲಿಯೊಳಗೆ ಸೇರಿಸುತ್ತೇವೆ. ಮುಳ್ಳುಹಂದಿ ನಿಶಾಚರಿಯಾದ್ದರಿಂದ ಈ ಕೊನೆಯ ಕ್ರಮವೇ ಹೆಚ್ಚು ಫಲ ಕೊಟ್ಟಿದೆ. ಬೆಕ್ಕಿನ ಚಿಂತೆ ನನಗಿಲ್ಲ, ಅದು ಗಲಗಲ ಸದ್ದಿಗೇ ಅಟ್ಟ ಸೇರುತ್ತದೆ.

ತರಕಾರಿ ಪಾತಿಗೆ ಕಟ್ಟಿದ ತಂತಿ ಬಲೆಯನ್ನು ನೆಲದೊಳಗೆ ಒಂದೂವರೆ ಅಡಿ ಇಳಿಸಿ, ಬುಡವನ್ನು ಹೊರಮುಖವಾಗಿ ಮಡಚಿದ್ದೇನೆ. ಮೇಲೆ ಮಾತ್ರ ಕಟ್ಟಿದ್ದ ಮೊದಲ ಬಲೆಯಡಿ ಒಂದೇ ರಾತ್ರಿಯಲ್ಲಿ ಸುರಂಗ ತೋಡಿದ್ದವು. ಎಳೆಯ ಅಡಿಕೆ, ತೆಂಗಿನ ಸಸಿಗಳ ಬುಡಕ್ಕೂ ಎರಡು ಅಡಿ ಎತ್ತರದ ಬಲೆ ಸುತ್ತಿದ್ದೇವೆ. ಉರುಳು ಹಾಕಿಬಿಡಿ ಎಂದವರಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಮೇಲಾಗಿ ಉರುಳಿಗೆ ಚಿರತೆ, ಮುಳ್ಳುಹಂದಿ, ಕರಿಯ ಎಂಬ ಭೇದವಿಲ್ಲ.

ಹಳ್ಳದ ಆಚೆಗೆ ಎರಡು ಸಾಲು ಮರಗೆಣಸನ್ನು ಬಲೆಯಿಲ್ಲದೆ ಬಿಟ್ಟಿದ್ದೇನೆ. ಈ ವರ್ಷ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದೆ, ಕಾವಲಿನ ಪಾತಿಯಲ್ಲಿ ಒಂದು ಗೆಡ್ಡೆಯೂ ಹೋಗಿಲ್ಲ.