ಸೂರು ಮುಟ್ಟುವ ಕಪಾಟು: ಕೊಡಗಿನ ಥಂಡಿಗೆ ತಕ್ಕ ಹಾಗೆ

ಮಡಿಕೇರಿ, ಭಾಗಮಂಡಲದ ಕಡೆ ನೆಲದಿಂದ ಸೂರಿನವರೆಗಿನ ಕಪಾಟು ಹಾಳಾಗುವುದು ಹಿಂಬದಿಯಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಥಂಡಿ ಹಿಡಿದೇ ಇರುತ್ತದೆ. ಅದಕ್ಕೆ ಒತ್ತಿ ನಿಲ್ಲಿಸಿದ ಪ್ಲೈವುಡ್ಡಿಗೆ ಉಸಿರಾಡಲು ಜಾಗವಿಲ್ಲ. ಎರಡನೇ ಮಳೆಗಾಲಕ್ಕೆ ಬಾಗಿಲು ತೆರೆದರೆ ಮುಗ್ಗಲು ವಾಸನೆ, ಜೋಪಾನವಾಗಿ ನೇತುಹಾಕಿದ್ದ ಕುಪ್ಯದ (ಕೊಡವ ಗಂಡಸರ ಉದ್ದ ನಿಲುವಂಗಿ) ಹೆಗಲ ಮೇಲೆ ಬಿಳಿ ಬೂಷ್ಟು. ಆದ್ದರಿಂದ ಬಣ್ಣ, ಹಿಡಿಕೆ ಆರಿಸುವ ಮೊದಲು ಗಾಳಿಗೆ ದಾರಿ ಗೊತ್ತುಮಾಡಿ.

ನೈರುತ್ಯದ ಮಳೆ ನೇರವಾಗಿ ಬಡಿಯುವ ಹೊರಗೋಡೆ ಬೇಡ, ಬಚ್ಚಲುಮನೆಗೆ ತಾಗಿದ ಗೋಡೆಯೂ ಬೇಡ. ಒಳಗೋಡೆ ಸಿಕ್ಕರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು.

ಅಳತೆ

ನೆಲದಿಂದ ಸೂರಿಗೆ ಕನಿಷ್ಠ ಆರು ಕಡೆ ಟೇಪು ಹಿಡಿಯಿರಿ. ಎಡಗಡೆಗೂ ಬಲಗಡೆಗೂ 10–15 ಮಿ.ಮೀ. ವ್ಯತ್ಯಾಸ ಇದ್ದರೆ ಅಚ್ಚರಿಪಡಬೇಡಿ. ಲೆಕ್ಕಕ್ಕೆ ಹಿಡಿಯುವುದು ಎಲ್ಲಕ್ಕಿಂತ ಕಡಿಮೆ ಬಂದ ಅಳತೆಯನ್ನು. ಗೋಡೆ ನೆಟ್ಟಗಿದೆಯೇ ಎಂದು ತೂಗುಗುಂಡು ಬಿಟ್ಟು ನೋಡಿ. ಮೇಲಿನ ಬಾಗಿಲು ತೆರೆದರೆ ಫ್ಯಾನಿನ ರೆಕ್ಕೆಗೆ ತಾಗುತ್ತದೆಯೇ ಎಂಬುದನ್ನೂ ಈಗಲೇ ನೋಡಿಕೊಳ್ಳಿ.

ಸೂರು 10 ಅಡಿ, ಅಂದರೆ 3048 ಮಿ.ಮೀ. ಇದೆ ಎನ್ನಿ. ಪ್ಲೈವುಡ್ ಹಾಳೆಯ ಉದ್ದ 8 ಅಡಿ ಮಾತ್ರ. ಉದ್ದದ ಹಲಗೆ ಸಿಕ್ಕಿದರೂ ಒಂದೇ ಪೆಟ್ಟಿಗೆ ಮಾಡಬಾರದು: ಮಲಗಿಸಿ ಜೋಡಿಸಿದ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸುವಾಗ ಅದರ ಮೂಲೆಯಿಂದ ಮೂಲೆಯ ಉದ್ದ ಸೂರಿಗೆ ಸಿಕ್ಕಿಕೊಳ್ಳುತ್ತದೆ. ಹೀಗೆ ಒಡೆಯಿರಿ: ಕೆಳಗೆ 100 ಮಿ.ಮೀ. ಕಾಲು, ಅದರ ಮೇಲೆ 2130 ಎತ್ತರದ ಪೆಟ್ಟಿಗೆ, ಅದರ ಮೇಲೆ 760ರ ಲಾಫ್ಟ್ (ಸೂರಿನಡಿಯ ಸಣ್ಣ ಪೆಟ್ಟಿಗೆ). ಒಟ್ಟು 2990. ಉಳಿದ 58 ಮಿ.ಮೀ. ಗಾಳಿಗೆ. 600 ಮಿ.ಮೀ. ಆಳದ ಕೆಳಪೆಟ್ಟಿಗೆಯ ಮೂಲೆ ಅಳತೆ ಸುಮಾರು 2213, ಆರಾಮವಾಗಿ ಎದ್ದು ನಿಲ್ಲುತ್ತದೆ.

ಮರ

ಮರದ ಚೂರು, ನಾರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್, ಎಂಡಿಎಫ್ ನಮ್ಮ ಮಳೆಗೆ ಆಗದು. ಅಂಚಿನಲ್ಲಿ ತೇವ ಹೊಕ್ಕರೆ ಊದಿಕೊಳ್ಳುತ್ತವೆ, ಮತ್ತೆ ಇಳಿಯುವುದಿಲ್ಲ. ಐಎಸ್ 710 ಗುರುತಿನ, ಅಂದರೆ ಮರೈನ್ ದರ್ಜೆಯ ಪ್ಲೈವುಡ್ ತೆಗೆದುಕೊಳ್ಳಿ. ಮಳೆ ಕಡಿಮೆ ಇರುವ ಕುಶಾಲನಗರದ ಕಡೆಯಾದರೆ ಐಎಸ್ 303ರ ಬಿಡಬ್ಲ್ಯುಆರ್ (ಕುದಿನೀರು ತಡೆಯುವ ದರ್ಜೆ) ಸಾಕು. 1800 ಮಿ.ಮೀ. ಅಗಲದ ಕಪಾಟನ್ನು ತಲಾ 900ರ ಎರಡು ಸಾಲಾಗಿ ಮಾಡಿದರೆ, ಎಂಟು ತಟ್ಟುಗಳೂ (ಒಳಗಿನ ಅಡ್ಡಹಲಗೆ) ಸೇರಿ, 8×4 ಅಡಿಯ 18 ಮಿ.ಮೀ. ಹಾಳೆ 7, ಬಾಗಿಲುಗಳಿಗೆ 19 ಮಿ.ಮೀ. ಹಾಳೆ 3, ಹಿಂಬದಿಗೆ 6 ಮಿ.ಮೀ. ಹಾಳೆ 3 ಬೇಕಾಗುತ್ತವೆ. ತಟ್ಟಿನ ಉದ್ದ 900 ದಾಟಿದರೆ ಭಾರಕ್ಕೆ ಬಾಗುತ್ತದೆ.

ಗಾಳಿಯ ಓಣಿ

ಬಡಗಿಗೆ ಬಿಡಿಸಿ ಹೇಳಬೇಕಾದ ಮಾತು ಇದು. ಪಕ್ಕದ ಹಲಗೆ 600 ಮಿ.ಮೀ. ಆಳ ಇರಲಿ, ಮೇಲಿನ ಮತ್ತು ಕೆಳಗಿನ ಹಲಗೆ 574 ಮಾತ್ರ. 6 ಮಿ.ಮೀ. ಹಿಂಬದಿ ಹಾಳೆ ಅವುಗಳ ಹಿಂದಿನ ಅಂಚಿಗೆ ಬಂದು ಕೂರಬೇಕು. ಆಗ ಗೋಡೆಗೂ ಹಿಂಬದಿ ಹಾಳೆಗೂ ನಡುವೆ 20 ಮಿ.ಮೀ. ಓಣಿ ಉಳಿಯುತ್ತದೆ, ಲಾಫ್ಟ್ ಮೇಲೆ ಕೂತರೂ ಅದು ಮುಚ್ಚುವುದಿಲ್ಲ. ಕೆಳಗಿನ ಸ್ಕರ್ಟಿಂಗ್ ಪಟ್ಟಿಯಲ್ಲೂ ಸೂರಿನ ಪಟ್ಟಿಯಲ್ಲೂ ಉದ್ದ ಸೀಳು ಕೊರೆಸಿ: ಕೆಳಗೆ ಹೊಕ್ಕ ಗಾಳಿ ಗೋಡೆ ಸವರಿಕೊಂಡು ಮೇಲೆ ಹೊರಬೀಳುತ್ತದೆ. ಮೇಲಿನ, ಕೆಳಗಿನ ಹಲಗೆಯನ್ನೂ 600ಕ್ಕೇ ಕೊಯ್ದರೆ ಓಣಿ ಕಟ್ಟಿಕೊಳ್ಳುತ್ತದೆ. ಈ ತಪ್ಪೇ ಹೆಚ್ಚು.

ಗೋಡೆ ಕಡೆಯ ಮೈಗೆ ಯಾರೂ ಲ್ಯಾಮಿನೇಟ್ ಅಂಟಿಸುವುದಿಲ್ಲ. ಪರವಾಗಿಲ್ಲ, ಆದರೆ ಎತ್ತಿ ನಿಲ್ಲಿಸುವ ಮೊದಲು ಎರಡು ಕೋಟ್ ಪ್ರೈಮರ್ ಬಳಿಯಲೇಬೇಕು, ಕೊಯ್ದ ಅಂಚುಗಳಿಗೂ. ಬಾಗಿಲಿಗೆ ಮಾತ್ರ ಎರಡೂ ಮೈಗೆ ಲ್ಯಾಮಿನೇಟ್ ಬೇಕು. ಒಂದೇ ಕಡೆ ಅಂಟಿಸಿದರೆ ಏಳಡಿಯ ಬಾಗಿಲು ಬಿಲ್ಲಿನಂತೆ ಬಾಗುತ್ತದೆ.

ನಿಲ್ಲಿಸುವುದು

ಮಳೆ ಹೋಗಿ ಗೋಡೆ ಒಣಗಿದ ಮೇಲೆ, ಜನವರಿಯಿಂದ ಮಾರ್ಚ್ ಒಳಗೆ ಮಾಡಿ. ನೆಲ ಎಲ್ಲಿ ಎತ್ತರವಿದೆಯೋ ಅಲ್ಲಿಂದ ಶುರು. ಪ್ರತಿ ಪೆಟ್ಟಿಗೆಗೆ ಆರು ಪಿವಿಸಿ ಕಾಲು. ರಸಮಟ್ಟ ಇಟ್ಟು ಕಾಲು ತಿರುಗಿಸುತ್ತಾ ಮಟ್ಟಕ್ಕೆ ತನ್ನಿ. ಕಾಲಿದ್ದರೆ ನೆಲ ಒರೆಸಿದ ನೀರು ಪ್ಲೈವುಡ್ಡಿಗೆ ಹತ್ತುವುದಿಲ್ಲ, ಗೆದ್ದಲು ಹತ್ತಿದರೆ ಪಟ್ಟಿ ಕಳಚಿ ನೋಡಬಹುದು. ಪೆಟ್ಟಿಗೆಗಳನ್ನು ಮೊದಲು ಒಂದಕ್ಕೊಂದು ಸ್ಕ್ರೂನಿಂದ ಬಿಗಿದು ಆಮೇಲೆ ಎಲ್-ಕ್ಲಾಂಪಿನಿಂದ ಗೋಡೆಗೆ ಕಟ್ಟಿ. ಗೋಡೆಯ ಡೊಂಕು ಪೆಟ್ಟಿಗೆಗೆ ಬರಬಾರದು. ಪಕ್ಕದಲ್ಲಿ 40–50 ಮಿ.ಮೀ. ಪಟ್ಟಿ ಕೊಟ್ಟು, ಅದನ್ನೇ ಗೋಡೆಯ ಡೊಂಕಿಗೆ ಸರಿಯಾಗಿ ಕೆತ್ತಿಸಿ.

ಹಳೆಯ ಮಣ್ಣಿನ ಗೋಡೆಯಲ್ಲಿ ಪ್ಲಗ್ ನಿಲ್ಲದು, ಮಣ್ಣು ಪುಡಿಯಾಗಿ ಸ್ಕ್ರೂ ಸಮೇತ ಕೈಗೆ ಬರುತ್ತದೆ. ಅಂಥಲ್ಲಿ ಮಚ್ಚಿನ (ಮರದ ಸೂರಿನ) ತೊಲೆಗೆ ಕಬ್ಬಿಣದ ಕೋನಪಟ್ಟಿ ಹಾಕಿ ಹಿಡಿಸಿ. ಮಚ್ಚಿನ ಹಲಗೆಗೆ ಬೇಡ, ಅದು ಭಾರ ತಡೆಯುವುದಿಲ್ಲ.

ಬಾಗಿಲು

2130 ಎತ್ತರದ ಬಾಗಿಲು 450ಕ್ಕಿಂತ ಅಗಲ ಬೇಡ. ಅಷ್ಟಕ್ಕೇ 12–15 ಕೆ.ಜಿ. ತೂಗುತ್ತದೆ. ಒಂದೊಂದಕ್ಕೆ ಐದು ಹಿಂಜ್, ಲಾಫ್ಟ್ ಬಾಗಿಲಿಗೆ ಎರಡು: ಎಂಟು ಬಾಗಿಲಿಗೆ ಒಟ್ಟು 28. ಬಾಗಿಲುಗಳ ನಡುವೆ 3 ಮಿ.ಮೀ. ಸಂದು ಬಿಡಿ. ಬೇಸಿಗೆಯಲ್ಲಿ ಒಂದೂವರೆ ಬಿಟ್ಟದ್ದು ಚಂದ ಕಾಣುತ್ತದೆ, ಜುಲೈಯಲ್ಲಿ ಅಂಚಿನ ಮರದ ಬೀಡಿಂಗ್ ಉಬ್ಬಿ ಹಿಡಿಯುತ್ತದೆ. ಹಾಗೆ ಹಿಡಿದಾಗ ಉಜ್ಜುಕೊರಡು ತರಿಸಬೇಡಿ. ಹಿಂಜಿನ ಮುಂದಿನ ಸ್ಕ್ರೂ ಅರ್ಧ ಸುತ್ತು ತಿರುಗಿಸಿದರೆ ಬಾಗಿಲು ಪಕ್ಕಕ್ಕೆ ಸರಿಯುತ್ತದೆ. ಕೆತ್ತಿಸಿದರೆ ಜನವರಿಯಲ್ಲಿ ಮರ ಒಣಗಿ, ಆ ಸಂದಿನಲ್ಲಿ ಒಳಗಿನ ಬಟ್ಟೆ ಕಾಣುತ್ತದೆ.