ಸ್ಕೌಟ್ ಸಮವಸ್ತ್ರಕ್ಕೆ ಬ್ಯಾಡ್ಜ್ ಹೊಲಿಯುವ ಕ್ರಮ

ಪ್ರವೇಶ ಪರೀಕ್ಷೆ ಮುಗಿಸಿ ಪ್ರತಿಜ್ಞೆ ಸ್ವೀಕರಿಸಿದ ಸ್ಕೌಟ್ ಮನೆಗೆ ತರುವ ಬ್ಯಾಡ್ಜ್‌ಗಳನ್ನು ಎಷ್ಟೋ ಪೋಷಕರು ಅಂಗಿಯ ಜೊತೆಗೇ ದರ್ಜಿಗೆ ಕೊಟ್ಟುಬಿಡುತ್ತಾರೆ. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ಸಮವಸ್ತ್ರದಲ್ಲಿ ಪ್ರತಿಯೊಂದು ಬ್ಯಾಡ್ಜಿಗೂ ಗೊತ್ತುಪಡಿಸಿದ ಜಾಗವಿರುವುದರಿಂದ ಮತ್ತು ಅವುಗಳಲ್ಲಿ ಕೆಲವು ಮುಂದೆ ಬದಲಾಗಬೇಕಾದವು ಆಗಿರುವುದರಿಂದ, ಈ ಕೆಲಸವನ್ನು ಮನೆಯಲ್ಲೇ ಕೈಹೊಲಿಗೆಯಲ್ಲಿ ಮಾಡುವುದು ಉತ್ತಮ. ಸೂಜಿ ಹಿಡಿಯಬಲ್ಲ ವಯಸ್ಸಿನ ಮಗು ತನ್ನ ಬ್ಯಾಡ್ಜನ್ನು ತಾನೇ ಹೊಲಿದುಕೊಂಡರೆ ಇನ್ನೂ ಒಳ್ಳೆಯದು.

ಮೊದಲು ಹೊಸ ಅಂಗಿಯನ್ನು ಒಮ್ಮೆ ಒಗೆದು ಒಣಗಿಸಿ ಇಸ್ತ್ರಿ ಮಾಡಬೇಕು. ಬಟ್ಟೆ ಕುಗ್ಗುವುದಿದ್ದರೆ ಆಗಲೇ ಕುಗ್ಗಿಬಿಡುತ್ತದೆ; ಹಾಗೆ ಮಾಡದೆ ಹೊಲಿದರೆ ಮೊದಲ ಒಗೆತದಲ್ಲೇ ಬ್ಯಾಡ್ಜಿನ ಸುತ್ತ ನೆರಿಗೆ ಏಳುತ್ತದೆ. ಬ್ಯಾಡ್ಜಿನ ಬಣ್ಣ ಬಿಡುತ್ತದೆಯೇ ಎಂಬುದನ್ನು ಒದ್ದೆಯಾದ ಬಿಳಿ ಬಟ್ಟೆಯಿಂದ ಒತ್ತಿ ನೋಡಿಕೊಳ್ಳಬೇಕು.

ಆರಂಭ ಎಡ ಜೇಬಿನಿಂದ. ಹಸಿರು ನೆಲದ ಮೇಲೆ ಹಳದಿ ಬಣ್ಣದಲ್ಲಿ ಸ್ಕೌಟ್‌ಗಳ ಲಿಲ್ಲಿ ಹೂವು, ಗೈಡ್‌ಗಳ ಮೂರೆಲೆ, ನಡುವೆ ಅಶೋಕ ಚಕ್ರ ಇರುವ ಸದಸ್ಯತ್ವದ ಬ್ಯಾಡ್ಜ್ ಆ ಜೇಬಿನ ನಟ್ಟನಡುವೆ ಬರುತ್ತದೆ. ಜೇಬಿನೊಳಗೆ ಒಂದು ರಟ್ಟಿನ ತುಂಡನ್ನು ಇಳಿಬಿಟ್ಟು, ಬ್ಯಾಡ್ಜನ್ನು ಗುಂಡುಸೂಜಿಯಿಂದ ನಿಲ್ಲಿಸಿ, ಜೇಬಿನ ಮೇಲ್ಪದರವನ್ನು ಮಾತ್ರ ಹಿಡಿದು ಹೊಲಿಯಬೇಕು. ರಟ್ಟು ಇಲ್ಲದಿದ್ದರೆ ಸೂಜಿ ಒಳಪದರಕ್ಕೂ ಹಾಯ್ದು ಜೇಬೇ ಮುಚ್ಚಿಹೋಗುತ್ತದೆ. ಅಂಚಿನ ಬಣ್ಣದ್ದೇ ನೂಲು ತೆಗೆದುಕೊಂಡು ಸಣ್ಣ ಹೆಮ್ಮಿಂಗ್ ಹೊಲಿಗೆ ಹಾಕಿದರೆ ಹೊಲಿಗೆ ಕಣ್ಣಿಗೆ ಬೀಳುವುದಿಲ್ಲ. ಪೆಟ್ರೋಲ್ ಲೀಡರ್, ಅಂದರೆ ದಳದೊಳಗಿನ ಚಿಕ್ಕ ತಂಡದ ನಾಯಕ, ಆದ ಹುಡುಗನಿಗೆ ಈ ಬ್ಯಾಡ್ಜಿನ ಎರಡೂ ಪಕ್ಕಗಳಲ್ಲಿ ಹಸಿರು ಪಟ್ಟಿಗಳು ಬರುತ್ತವೆಯಾದ್ದರಿಂದ, ಅದು ಒಂದು ಬದಿಗೆ ಸರಿಯದಂತೆ ಈಗಲೇ ಅಳತೆ ಪಟ್ಟಿಯಿಂದ ನೋಡಿಕೊಳ್ಳುವುದು ಜಾಣತನ. ನೇರಳೆ ನೆಲದಲ್ಲಿ ಬಿಳಿಯ ಲಿಲ್ಲಿಯನ್ನು ಹಗ್ಗ ಸುತ್ತುವರಿದಿರುವ ವಿಶ್ವ ಸ್ಕೌಟ್ ಬ್ಯಾಡ್ಜ್ ಬಲ ಜೇಬಿನ ಮಧ್ಯಕ್ಕೆ ಸೇರುತ್ತದೆ. ಎರಡೂ ಒಂದೇ ಎತ್ತರದಲ್ಲಿರಲು ಜೇಬಿನ ಗುಂಡಿಯಿಂದ ಅಳೆದರೆ ಸಾಕು.

ಭುಜದ ಬ್ಯಾಡ್ಜ್ ತೋಳಿನ ಹೊಲಿಗೆಯ ಕೆಳಗೇ ಬರುತ್ತದೆ.

ಎಡತೋಳಿನ ಮಧ್ಯಭಾಗ ಮಗುವಿನ ಪ್ರಗತಿಗೆ ಮೀಸಲು. ಪ್ರಥಮ, ದ್ವಿತೀಯ, ತೃತೀಯ ಸೋಪಾನ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ ಎಂಬ ಈ ಮೆಟ್ಟಿಲುಗಳಲ್ಲಿ ಹೊಸದು ಬಂದಾಗ ಹಳೆಯದನ್ನು ಬಿಚ್ಚಿ ಅದೇ ಜಾಗದಲ್ಲಿ ಹೊಸದನ್ನು ಹೊಲಿಯಬೇಕು. ಯಂತ್ರದ ಹೊಲಿಗೆ ಬೇಡವೆನ್ನಲು ಮುಖ್ಯ ಕಾರಣ ಇದು: ಬಿಗಿಯಾದ ಯಂತ್ರದ ಹೊಲಿಗೆಯನ್ನು ಬಿಚ್ಚುವಾಗ ಬಟ್ಟೆ ಹರಿಯುತ್ತದೆ, ಇಲ್ಲವೇ ಸಾಲು ತೂತುಗಳು ಉಳಿಯುತ್ತವೆ. ಕೈಹೊಲಿಗೆಯ ನೂಲನ್ನು ಒಳಬದಿಯಿಂದ ಅಲ್ಲಲ್ಲಿ ಕತ್ತರಿಸಿದರೆ ಬ್ಯಾಡ್ಜ್ ಸುಲಭವಾಗಿ ಬಿಟ್ಟುಕೊಳ್ಳುತ್ತದೆ.

ಅಡುಗೆ, ಈಜು ಮೊದಲಾದ ವಿಷಯಗಳಲ್ಲಿ ಪರೀಕ್ಷೆ ಕೊಟ್ಟು ಗಳಿಸುವ ಪ್ರಾವೀಣ್ಯ ಬ್ಯಾಡ್ಜ್‌ಗಳು ಬಲತೋಳಿಗೆ. ಇವು ಒಂದಾದ ಮೇಲೊಂದು ಸೇರುತ್ತ ಹೋಗುವುದರಿಂದ ಮೊದಲನೆಯದನ್ನು ತೋಳಿನ ನಡುಮಧ್ಯದಲ್ಲಿ ಹೊಲಿಯದೆ, ಪಕ್ಕದಲ್ಲಿ ಮತ್ತೊಂದಕ್ಕೆ ಜಾಗ ಬಿಟ್ಟು ಹೊಲಿಯಬೇಕು. ಗಳಿಸದ ಬ್ಯಾಡ್ಜನ್ನು ಅಂಗಡಿಯಲ್ಲಿ ಸಿಗುತ್ತದೆಂದು ತಂದು ಹಚ್ಚುವುದು ಕಷ್ಟಪಟ್ಟು ಪರೀಕ್ಷೆ ಕೊಟ್ಟ ಮಕ್ಕಳಿಗೆ ಮಾಡುವ ಅನ್ಯಾಯವಾಗುತ್ತದೆ. ಪೋಷಕರು ಇದಕ್ಕೆ ಎಡೆಗೊಡಬಾರದು. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ನಡೆದ ಸಾಂಸ್ಕೃತಿಕ ಜಾಂಬೂರಿಯಂಥ ಶಿಬಿರಗಳಲ್ಲಿ ಸಿಗುವ, ಗೆಳೆಯರೊಡನೆ ವಿನಿಮಯ ಮಾಡಿಕೊಳ್ಳುವ ಬ್ಯಾಡ್ಜ್‌ಗಳನ್ನು ಒಂದು ಹೊದಿಕೆಯ ಮೇಲೆ ಹೊಲಿದಿಟ್ಟರೆ ಅವೂ ಜೋಪಾನವಾಗಿ ಉಳಿಯುತ್ತವೆ, ಸಮವಸ್ತ್ರವೂ ನಿಯಮದಂತಿರುತ್ತದೆ.

ಗೈಡ್ ಹುಡುಗಿಯರ ಮತ್ತು ಇನ್ನೂ ಚಿಕ್ಕ ವಯಸ್ಸಿನ ಕಬ್ (ಹುಡುಗರು), ಬುಲ್‌ಬುಲ್ (ಹುಡುಗಿಯರು) ಮಕ್ಕಳ ಉಡುಪಿನ ವಿನ್ಯಾಸವೂ ಬ್ಯಾಡ್ಜ್‌ಗಳೂ ಬೇರೆಯಾದ್ದರಿಂದ ಹೊಲಿಯುವ ಮೊದಲು ಆಯಾ ದಳದ ನಾಯಕರನ್ನು ಕೇಳಬೇಕು. ಹೊಲಿದಾದ ಮೇಲೆ ಅಂಗಿಯನ್ನು ನೆರಳಿನಲ್ಲೇ ಒಣಗಿಸಿ, ಬ್ಯಾಡ್ಜ್ ಇರುವ ಭಾಗಕ್ಕೆ ಒಳಮಗ್ಗುಲಿನಿಂದ ಮಾತ್ರ ಇಸ್ತ್ರಿ ಹಾಕಬೇಕು.